‘ಮೊದಲಿಂದ ಹಂಗ ನಡಕೊಂಡ ಬಂದೈತಿ’: ಸಂಸ್ಕೃತಿಯೊಳಗೆ ಅಧಿಕಾರ ಕೆಲಸ ಮಾಡುವ ಬಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಹಳ್ಳಿಯಲ್ಲಿ ಯಾವುದಾದರೂ ರೂಢಿಯನ್ನು ತೋರಿಸಿ ‘ಇದು ಯಾಕ್ರೀ ಹಿಂಗ?’ ಎಂದು ಕೇಳಿ ನೋಡಿ. ಬಹಳ ಸಲ ಸಿಗುವ ಉತ್ತರ ಒಂದೇ: ‘ಮೊದಲಿಂದ ಹಂಗ ನಡಕೊಂಡ ಬಂದೈತ್ರಿ.’ ಮದುವೆಯ ಊಟಕ್ಕೆ ಮೊದಲು ಯಾರು ಕೂಡಬೇಕು, ಜಾತ್ರೆಯಲ್ಲಿ ಹಲಗೆ ಯಾರು ಬಾರಿಸಬೇಕು, ಸತ್ತ ದನ ಯಾರು ಎಳೆಯಬೇಕು, ಗುಡಿಯ ಕಟ್ಟೆಯ ಮೇಲೆ ಯಾರು ಕೂಡಬೇಕು, ಕೆಳಗೆ ಯಾರು ನಿಲ್ಲಬೇಕು, ಎಲ್ಲಕ್ಕೂ ಇದೇ ಮಾತು. ಹೇಳುವವರಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣುವುದಿಲ್ಲ. ಕೇಳುವವನೇ ತಪ್ಪು ಕೇಳಿದ ಹಾಗೆ ನೋಡುತ್ತಾರೆ. ಯಾರೂ ಬಡಿಗೆ ಹಿಡಿದು ನಿಂತಿಲ್ಲ, ಪೊಲೀಸರು ಬಂದಿಲ್ಲ, ಆದರೂ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಇದು ಹೇಗೆ ಸಾಧ್ಯವಾಗುತ್ತದೆ ಎಂಬ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಹಲವರು ತಲೆ ಕೆಡಿಸಿಕೊಂಡಿದ್ದಾರೆ. ಅವರ ವಿಚಾರಗಳು ವಿಶ್ವವಿದ್ಯಾಲಯದ ಭಾಷೆಯಲ್ಲಿ ಕಗ್ಗಂಟಾಗಿ ಕಾಣುತ್ತವೆ. ನಮ್ಮ ಊರುಗಳ ನಡುವೆ ಇಟ್ಟು ನೋಡಿದರೆ ಅಷ್ಟೇನೂ ಕಷ್ಟವಿಲ್ಲ.

ಮೊದಲು ಒಂದು ವಿಷಯ ತಿಳಿಯಾಗಬೇಕು. ಸಂಸ್ಕೃತಿ ಎಂದರೆ ನಮಗೆ ನೆನಪಾಗುವುದು ಉತ್ಸವದ ವೇದಿಕೆ, ಸಂಗೀತ, ನೃತ್ಯ, ಶಾಲು-ಹಾರದ ಸನ್ಮಾನ. ಬ್ರಿಟನ್ನಿನ ವಿಮರ್ಶಕ ರೇಮಂಡ್ ವಿಲಿಯಮ್ಸ್ ಈ ತಿಳಿವಳಿಕೆಯನ್ನೇ 1958ರಲ್ಲಿ ಪ್ರಶ್ನಿಸಿದರು. ವೇಲ್ಸ್ ಗಡಿಯ ಸಣ್ಣ ಹಳ್ಳಿಯಲ್ಲಿ ರೈಲ್ವೆ ಸಿಗ್ನಲ್ ಕೆಲಸಗಾರನ ಮಗನಾಗಿ ಹುಟ್ಟಿ ಕೇಂಬ್ರಿಜ್ ಸೇರಿದವರು ಅವರು. ಅಲ್ಲಿನ ಚಹಾದಂಗಡಿಯಲ್ಲಿ ಕೂತವರ ಠೀವಿ, ಮಾತಿನ ಧಾಟಿ ನೋಡಿದಾಗ, ಸಂಸ್ಕೃತಿ ತಮ್ಮ ಮನೆಯ ಸ್ವತ್ತು ಎಂದು ಅವರು ತಿಳಿದಿರುವುದು ಇವರಿಗೆ ಹೊಳೆಯಿತು. ವಿಲಿಯಮ್ಸ್ ಹೇಳಿದ್ದು ಇಷ್ಟು: ಸಂಸ್ಕೃತಿ ಎಲ್ಲರದ್ದು, ದಿನನಿತ್ಯದ್ದು. ಜನ ಉಣ್ಣುವುದು, ಆಡುವ ಮಾತು, ಹಾಡುವುದು, ಮಕ್ಕಳಿಗೆ ಹೇಳಿಕೊಡುವುದು, ಯಾವುದಕ್ಕೆ ನಾಚುತ್ತಾರೆ, ಯಾವುದಕ್ಕೆ ಹೆಮ್ಮೆಪಡುತ್ತಾರೆ, ಇದೆಲ್ಲ ಸೇರಿದ ಒಟ್ಟು ಬದುಕಿನ ರೀತಿಯೇ ಸಂಸ್ಕೃತಿ. ಹೀಗೆ ಒಪ್ಪಿಕೊಂಡ ಕೂಡಲೇ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಬದುಕಿನ ರೀತಿಯೊಳಗೆ ಮೇಲು-ಕೀಳು ಇದ್ದರೆ ಅದೂ ಸಂಸ್ಕೃತಿಯ ಒಳಗೇ ಇದೆ.

ಅಸಮಾನತೆಗೆ ಹಳೆಯ, ನೇರವಾದ ವಿವರಣೆ ಮಾರ್ಕ್ಸ್‌ನದು. ಹೊಲ ಯಾರದು, ಕಾರ್ಖಾನೆ ಯಾರದು ಎಂದು ನೋಡಿ, ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಗೊತ್ತಾಗುತ್ತದೆ. ಯಾವುದೇ ಕಾಲದಲ್ಲಿ ಆಳುವವರ ವಿಚಾರಗಳೇ ಆ ಕಾಲದ ವಿಚಾರಗಳಾಗಿ ಮೆರೆಯುತ್ತವೆ ಎಂದೂ ಅವನು ಹೇಳಿದ್ದಾನೆ. ಇದು ಸುಳ್ಳಲ್ಲ. ತುಂಗಭದ್ರಾ ನಾಲೆಯ ಪಕ್ಕ ಹೊಲ ಇರುವವನ ಮಾತಿಗೂ ಕೂಲಿಗೆ ಹೋಗುವವನ ಮಾತಿಗೂ ಊರಿನ ಪಂಚಾಯ್ತಿಯಲ್ಲಿ ಇರುವ ತೂಕ ಎಲ್ಲರಿಗೂ ಗೊತ್ತು. ಆದರೆ ಇದರಿಂದ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲಿಲ್ಲ: ಕೆಳಗಿರುವವರು ಎಣಿಕೆಯಲ್ಲಿ ಹೆಚ್ಚು, ಹಾಗಿದ್ದೂ ಅವರು ಈ ವ್ಯವಸ್ಥೆಯನ್ನು ಏಕೆ ಒಪ್ಪಿಕೊಳ್ಳುತ್ತಾರೆ?

ಈ ಪ್ರಶ್ನೆಯನ್ನು ಜೈಲಿನಲ್ಲಿ ಕೂತು ಬಿಡಿಸಿದವರು ಇಟಲಿಯ ಕಮ್ಯುನಿಸ್ಟ್ ನಾಯಕ ಆಂಟೋನಿಯೊ ಗ್ರಾಮ್ಷಿ. ಮುಸೊಲಿನಿಯ ಸರ್ಕಾರ 1926ರಲ್ಲಿ ಅವರನ್ನು ಬಂಧಿಸಿ 20 ವರ್ಷಕ್ಕೂ ಹೆಚ್ಚಿನ ಶಿಕ್ಷೆ ಕೊಟ್ಟಿತು. 1937ರಲ್ಲಿ ಅವರು ತೀರಿಕೊಂಡರು. ಜೈಲಿನಲ್ಲಿ ಬರೆದ ಮೂವತ್ತರಷ್ಟು ನೋಟ್‌ಬುಕ್‌ಗಳಲ್ಲಿ ಅವರು ಬೆಳೆಸಿದ ಮುಖ್ಯ ವಿಚಾರಕ್ಕೆ ಕನ್ನಡ ವಿಮರ್ಶೆ ‘ಯಾಜಮಾನ್ಯ’ ಎಂಬ ಮಾತು ಬಳಸುತ್ತದೆ. ಆಳುವವರು ಬರೀ ಬಲದಿಂದ ಆಳುವುದಿಲ್ಲ. ಶಾಲೆ, ಗುಡಿ, ಪತ್ರಿಕೆ, ಮನೆಯ ಹಿರಿಯರ ಮಾತು, ಇವುಗಳ ಮೂಲಕ ತಮಗೆ ಅನುಕೂಲವಾದ ನೋಟವನ್ನು ಎಲ್ಲರ ನೋಟವನ್ನಾಗಿ ಮಾಡುತ್ತಾರೆ. ಆಮೇಲೆ ಅದು ಯಾರ ನೋಟ ಎಂದು ಯಾರೂ ಕೇಳುವುದಿಲ್ಲ. ಲೋಕದ ರೀತಿಯೇ ಹಾಗೆ ಅನ್ನಿಸುತ್ತದೆ. ಇಂಥ ತಿಳಿವಳಿಕೆಯನ್ನು ಗ್ರಾಮ್ಷಿ ಜನರ ‘ಸಾಮಾನ್ಯ ತಿಳಿವಳಿಕೆ’ ಎಂದು ಕರೆದರು. ನಮ್ಮ ಕಡೆಯ ‘ಮೊದಲಿಂದ ಹಂಗ ನಡಕೊಂಡ ಬಂದೈತಿ’ ಎನ್ನುವುದು ಅದರ ಅಚ್ಚುಕಟ್ಟಾದ ರೂಪ.

ಗ್ರಾಮ್ಷಿಯನ್ನು ಓದುವಾಗ ಕಲ್ಯಾಣ ಕರ್ನಾಟಕದವರಿಗೆ ಹತ್ತಿರವಾಗುವ ಇನ್ನೊಂದು ಸಂಗತಿಯಿದೆ. ಅವರು ಹುಟ್ಟಿದ್ದು ಸಾರ್ಡೀನಿಯಾ ಎಂಬ ಬಡ ದ್ವೀಪದಲ್ಲಿ. ಬಂಧನಕ್ಕೆ ಸ್ವಲ್ಪ ಮೊದಲು, 1926ರಲ್ಲಿ, ಅವರು ಇಟಲಿಯ ದಕ್ಷಿಣ ಭಾಗದ ಬಗ್ಗೆ ಒಂದು ಬರಹ ಬರೆಯುತ್ತಿದ್ದರು. ಉತ್ತರದ ಕಾರ್ಖಾನೆ ಊರುಗಳ ಜನರಿಗೆ, ಕೂಲಿಕಾರರಿಗೂ ಸೇರಿ, ಒಂದು ಮಾತನ್ನು ನಂಬಿಸಲಾಗಿತ್ತು: ದಕ್ಷಿಣದವರು ಹುಟ್ಟಾ ಸೋಮಾರಿಗಳು, ದೇಶದ ಕಾಲಿಗೆ ಕಟ್ಟಿದ ಗುಂಡು. ಬಡತನಕ್ಕೆ ಜಮೀನುದಾರಿ ಕಾರಣ, ಸರ್ಕಾರದ ನೀತಿ ಕಾರಣ ಎನ್ನುವುದರ ಬದಲು ಜನರ ಗುಣವೇ ಕಾರಣ ಎಂದಾಗ ಪ್ರಶ್ನೆ ಅಲ್ಲಿಗೇ ಮುಗಿದು ಹೋಗುತ್ತದೆ. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಗುಳೆ ಹೋದ ರಾಯಚೂರಿನ ಕುಟುಂಬದ ಬಗ್ಗೆ ‘ಆ ಕಡೆ ಜನಕ್ಕೆ ಓದು ಬೇಡ, ಮುಂದೆ ಬರೋ ಮನಸ್ಸಿಲ್ಲ’ ಎಂಬ ಮಾತು ಕೇಳಿದವರಿಗೆ ಇದು ಅರ್ಥವಾಗುತ್ತದೆ. ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು 39ನ್ನು ಗುರುತಿಸಿತು. ಅವುಗಳಲ್ಲಿ 21 ಈ ಸೀಮೆ ಸೇರಿದ್ದ ಆಗಿನ ಗುಲಬರ್ಗಾ ವಿಭಾಗದವು. ಜನರ ಮನಸ್ಸು ವಿಭಾಗದ ಗಡಿ ನೋಡಿಕೊಂಡು ಬದಲಾಗುವುದಿಲ್ಲ. ಶಾಲೆ, ರಸ್ತೆ, ಆಸ್ಪತ್ರೆ, ನೀರು, ಇವು ಎಲ್ಲಿಗೆ ಎಷ್ಟು ಬಂದವು ಎಂಬುದು ಬದಲಾಗುತ್ತದೆ. ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸಬೇಕಾಗಿ ಬಂದದ್ದೂ ಈ ಕಾರಣಕ್ಕೇ.

ಒಪ್ಪಿಗೆ ಬರೀ ಮಾತಿನಿಂದ ಹುಟ್ಟುವುದಿಲ್ಲ, ಕೊಡುಗೆಯಿಂದಲೂ ಹುಟ್ಟುತ್ತದೆ. ಬಳ್ಳಾರಿ, ಸಂಡೂರು, ಹೊಸಪೇಟೆಯಲ್ಲಿ ಕಬ್ಬಿಣದ ಅದಿರಿನ ಹಣ ಹೊಳೆಯಾಗಿ ಹರಿದ ವರ್ಷಗಳನ್ನು ನೆನೆಯಿರಿ. ಸಾಮೂಹಿಕ ಮದುವೆ, ಗುಡಿಗಳಿಗೆ ದಾನ, ಕಷ್ಟ ಹೇಳಿಕೊಂಡು ಬಂದವರ ಕೈಗೆ ನೋಟು. ಪಡೆದವರ ಪಾಲಿಗೆ ಕೊಟ್ಟವನು ‘ಧಣಿ’. ಗುಡ್ಡ ಊರಿನದು, ದೂಳು ಕುಡಿದವರು ಊರಿನವರು, ಬೆಳೆಯ ಮೇಲೆ ಕೂತ ಕೆಂಪು ಮಣ್ಣು ಅವರದೇ ಹೊಲದ್ದು. ಆದರೂ ಅವರಿಗೆ ಬರಬೇಕಾದದ್ದು ಹಕ್ಕಾಗಿ ಬರದೆ ಉಪಕಾರವಾಗಿ ಬಂತು. ಉಪಕಾರ ಪಡೆದವನು ಲೆಕ್ಕ ಕೇಳಲು ಹಿಂಜರಿಯುತ್ತಾನೆ. ಸುಪ್ರೀಂ ಕೋರ್ಟ್ 2011ರಲ್ಲಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅನೇಕ ಊರುಗಳಲ್ಲಿ ಕೇಳಿದ ಮೊದಲ ಮಾತು ‘ಕೆಲಸ ಹೋತಲ್ಲ’ ಎಂಬುದು. ಅದೂ ನಿಜವಾದ ಸಂಕಟವೇ. ಯಾಜಮಾನ್ಯ ಗಟ್ಟಿಯಾಗುವುದು ಹೀಗೆ, ಕೆಳಗಿನವರ ಹೊಟ್ಟೆಪಾಡನ್ನೂ ತನ್ನ ಜೊತೆ ಕಟ್ಟಿಹಾಕಿಕೊಂಡು.

ಒಪ್ಪಿಗೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಗಂಗಾವತಿ ತಾಲ್ಲೂಕಿನ ಮರಕುಂಬಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಹೋಟೆಲಿನಲ್ಲಿ ಕೂಡಲು, ಕ್ಷೌರದಂಗಡಿಗೆ ಹೋಗಲು ದಲಿತರಿಗೆ ಇದ್ದ ತಡೆಯನ್ನು ಅವರು ಪ್ರಶ್ನಿಸತೊಡಗಿದ ಹಿನ್ನೆಲೆಯಲ್ಲಿ 2014ರ ಆಗಸ್ಟ್‌ನಲ್ಲಿ ಅಲ್ಲಿನ ದಲಿತ ಕೇರಿಯ ಮೇಲೆ ದಾಳಿ ನಡೆಯಿತು, ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರೆಂದು ಹೇಳಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಮೇಲ್ಮನವಿಗೆ ಹೋಗಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಇಲ್ಲಿ ಗಮನಿಸಬೇಕಾದದ್ದು ಹಿಂಸೆ ಬಂದ ಹೊತ್ತು. ಚಹಾ ಹೊರಗೆ ನಿಂತು ಕುಡಿಯುವಷ್ಟು ದಿನ, ಕ್ಷೌರಕ್ಕೆ ಬೇರೆ ಊರಿಗೆ ಹೋಗುವಷ್ಟು ದಿನ ಊರು ‘ಶಾಂತ’ವಾಗಿರುತ್ತದೆ. ‘ನಮ್ಮೂರಾಗ ಎಲ್ಲಾರೂ ಅಣ್ಣ-ತಮ್ಮಂದಿರಂಗ ಅದಾರ’ ಎಂದು ಹಿರಿಯರು ಹೇಳುತ್ತಾರೆ. ಯಾರಾದರೂ ಒಳಗೆ ಬಂದು ಬೆಂಚಿನ ಮೇಲೆ ಕೂತ ದಿನ ಬಡಿಗೆ ಹೊರಗೆ ಬರುತ್ತದೆ. ಬಡಿಗೆ ಅವತ್ತು ಹೊಸದಾಗಿ ಹುಟ್ಟಿದ್ದಲ್ಲ. ರೂಢಿ ತಾನೇ ಕೆಲಸ ಮಾಡುತ್ತಿದ್ದರಿಂದ ಅಲ್ಲಿಯವರೆಗೆ ಅದರ ಅವಶ್ಯಕತೆ ಬಿದ್ದಿರಲಿಲ್ಲ.

ಇಲ್ಲಿಗೆ ಬಂದಾಗ ಯುರೋಪಿನ ಸಿದ್ಧಾಂತಗಳು ಸಾಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರಕುಂಬಿಯಲ್ಲಿ ದಾಳಿ ಮಾಡಿದವರೆಲ್ಲ ಜಮೀನುದಾರರಲ್ಲ. ತಾವೂ ದುಡಿದೇ ಉಣ್ಣುವವರು ಅವರಲ್ಲಿದ್ದರು. ಬಡವನೊಬ್ಬ ಇನ್ನೊಬ್ಬ ಬಡವನ ಮನೆಗೆ ಬೆಂಕಿ ಇಡುವುದನ್ನು ಆಳುವ ವರ್ಗ, ದುಡಿಯುವ ವರ್ಗ ಎಂಬ ಎರಡೇ ಪಾಲಿನ ಲೆಕ್ಕದಲ್ಲಿ ವಿವರಿಸಲು ಆಗುವುದಿಲ್ಲ. ಇದನ್ನು ವಿವರಿಸಿದವರು ಅಂಬೇಡ್ಕರ್. 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ, ಅವರು ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಮಂಡಿಸಿದ್ದರು. ತಮ್ಮೊಳಗೇ ಮದುವೆ ಮಾಡಿಕೊಳ್ಳುವ ಕಟ್ಟು ಜಾತಿಯ ಬೇರು, ಮೇಲಿನವರು ಬಾಗಿಲು ಹಾಕಿಕೊಂಡಾಗ ಕೆಳಗಿನವರು ಅದನ್ನೇ ಅನುಕರಿಸಿದರು ಎಂಬುದು ಅವರ ವಾದ. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಅವರನ್ನು ಭಾಷಣಕ್ಕೆ ಕರೆದು, ಭಾಷಣದ ಪ್ರತಿ ಓದಿ ಬೆಚ್ಚಿ, ಸಮ್ಮೇಳನವನ್ನೇ ರದ್ದುಮಾಡಿತು. ಅಂಬೇಡ್ಕರ್ ಅದನ್ನು ತಾವೇ ಅಚ್ಚು ಹಾಕಿಸಿದರು. ಜಾತಿ ಕೆಲಸವನ್ನು ಹಂಚಿದ್ದಷ್ಟೇ ಅಲ್ಲ, ಕೆಲಸ ಮಾಡುವವರನ್ನೇ ಒಡೆದು ಹಂಚಿದೆ ಎಂಬ ಮಾತು ಅದರಲ್ಲಿದೆ.

ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ‘ಶ್ರೇಣೀಕೃತ ಅಸಮಾನತೆ’ ಎಂಬ ವಿಚಾರವನ್ನು ಇಲ್ಲಿ ನಿಧಾನವಾಗಿ ಬಿಡಿಸಿ ನೋಡಬೇಕು. ಸಮಾಜ ಎರಡೇ ಪಾಲಾಗಿದ್ದರೆ ಕೆಳಗಿನವರೆಲ್ಲ ಒಟ್ಟಾಗಬಹುದು. ಜಾತಿ ಹಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿದೆ. ಮೇಲೆ ಹೋದಂತೆ ಗೌರವ ಏರುತ್ತದೆ, ಕೆಳಗೆ ಬಂದಂತೆ ತಿರಸ್ಕಾರ ಏರುತ್ತದೆ. ನಡುವಿನ ಮೆಟ್ಟಿಲಲ್ಲಿರುವವನಿಗೆ ಮೇಲಿನಿಂದ ಅವಮಾನವಾಗುತ್ತದೆ, ಆದರೆ ಕೆಳಗಿನವನನ್ನು ಅವಮಾನಿಸುವ ಹಕ್ಕೂ ಅವನಿಗಿದೆ. ಇಡೀ ವ್ಯವಸ್ಥೆ ಬಿದ್ದರೆ ತನಗಿಂತ ಕೆಳಗೆ ಒಬ್ಬ ಇದ್ದಾನೆ ಎಂಬ ಸಮಾಧಾನವೂ ಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬನಿಗೂ ವ್ಯವಸ್ಥೆಯಲ್ಲಿ ಒಂದಿಷ್ಟು ಪಾಲಿದೆ. ಜನ ಏಕೆ ಒಪ್ಪುತ್ತಾರೆ ಎಂಬ ಗ್ರಾಮ್ಷಿಯ ಪ್ರಶ್ನೆಗೆ ನಮ್ಮ ನೆಲದ ಉತ್ತರ ಇದು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗು ಹನುಮಪ್ಪನ ಗುಡಿಯೊಳಗೆ ಓಡಿಹೋದದ್ದಕ್ಕೆ ಗುಡಿಯ ಶುದ್ಧಿಗೆಂದು ಮನೆಯವರಿಂದ ಹಣ ಕೇಳಿದ ಪ್ರಕರಣವನ್ನು ಹೊಲ-ಮನೆಯ ಲೆಕ್ಕದಿಂದ ಬಿಡಿಸಲು ಆಗುವುದಿಲ್ಲ. ಅಲ್ಲಿ ಕಾಪಾಡಬೇಕಾಗಿದ್ದ ಆಸ್ತಿ ಎಂದರೆ ಮೆಟ್ಟಿಲು ಮಾತ್ರ.

ಇನ್ನು ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೋ. ನೈಋತ್ಯ ಫ್ರಾನ್ಸಿನ ಹಳ್ಳಿಯಲ್ಲಿ ಅಂಚೆ ನೌಕರನ ಮಗನಾಗಿ 1930ರಲ್ಲಿ ಹುಟ್ಟಿದ ಇವರು ಪ್ಯಾರಿಸ್‌ನ ದೊಡ್ಡ ವಿದ್ಯಾಸಂಸ್ಥೆ ಸೇರಿದಾಗ ಊರಿನ ಉಚ್ಚಾರಣೆಯನ್ನು ಬಿಡಬೇಕಾಯಿತು. ಮುಂದೆ ಅವರು ಕೇಳಿದ ಪ್ರಶ್ನೆ: ಶಾಲೆ ಎಲ್ಲರಿಗೂ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಆದರೂ ಮೇಲಿನ ಮನೆಯ ಮಕ್ಕಳೇ ಏಕೆ ಮುಂದೆ ಹೋಗುತ್ತಾರೆ? ಹಣವೊಂದೇ ಬಂಡವಾಳವಲ್ಲ ಎಂಬುದು ಅವರ ಉತ್ತರ. ಮನೆಯಲ್ಲಿ ಆಡುವ ಭಾಷೆ, ಪುಸ್ತಕದ ಒಡನಾಟ, ಅಧಿಕಾರಿಯ ಮುಂದೆ ಎದೆಯುಬ್ಬಿಸಿ ಮಾತಾಡುವ ಧೈರ್ಯ, ಯಾವುದು ‘ಒಳ್ಳೆಯ ಅಭಿರುಚಿ’ ಎಂಬ ಅರಿವು, ಇವೂ ಬಂಡವಾಳವೇ. ಇದನ್ನು ಅವರು ಸಾಂಸ್ಕೃತಿಕ ಬಂಡವಾಳ ಎಂದರು. ಇದು ತಂದೆ-ತಾಯಿಯಿಂದ ಮಕ್ಕಳಿಗೆ ಸದ್ದಿಲ್ಲದೆ ದಾಟುತ್ತದೆ. ಶಾಲೆ ಮಾತ್ರ ಅದನ್ನು ಮಗುವಿನ ಸ್ವಂತ ಪ್ರತಿಭೆ ಎಂದು ಅಂಕಪಟ್ಟಿಯಲ್ಲಿ ಬರೆದುಕೊಡುತ್ತದೆ.

ನಮ್ಮ ಮೂರು ಜಿಲ್ಲೆಗಳ ಭಾಷೆಯ ಚರಿತ್ರೆಯನ್ನು ಇದರ ಪಕ್ಕ ಇಟ್ಟು ನೋಡಿ. ರಾಯಚೂರು ಮತ್ತು ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಕಚೇರಿಯ ಭಾಷೆ ಉರ್ದು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, ತೆಲುಗು ಅದರ ಮನೆಮಾತಿನಷ್ಟೇ ಬಳಕೆಯದು. 1956ರಲ್ಲಿ ಏಕೀಕರಣವಾದ ಮೇಲೆ ಕನ್ನಡವೇ ಆಡಳಿತಕ್ಕೂ ಪಾಠಕ್ಕೂ ಬಂದದ್ದು ದೊಡ್ಡ ಗೆಲುವು. ಆದರೆ ಪಠ್ಯದಲ್ಲಿ, ರೇಡಿಯೊದಲ್ಲಿ, ಸಂದರ್ಶನದ ಕೋಣೆಯಲ್ಲಿ ‘ಶುದ್ಧ’ ಎನಿಸಿಕೊಂಡ ಕನ್ನಡ ಹಳೆಯ ಮೈಸೂರಿನ ಓದಿದವರ ಕನ್ನಡಕ್ಕೆ ಹತ್ತಿರದ್ದು. ಲಿಂಗಸುಗೂರು ಕಡೆಯ ಹುಡುಗಿ ಆ ಓಟದಲ್ಲಿ ಹಿಂದಿನಿಂದ ಶುರುಮಾಡಬೇಕಾಯಿತು.

ಪದವಿ ತರಗತಿಗೆ ಪಾಠ ಮಾಡುವ ನನ್ನ ಕಣ್ಣೆದುರಿಗೇ ಇದು ನಡೆಯುತ್ತದೆ. ಸೆಮಿನಾರಿನಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಲ್ಲುತ್ತಾಳೆ. ‘ಅದು ಹೆಂಗ್ರಿ ಸರ್ ಅಂದ್ರ, ನಮ್ಮೂರಾಗ ಹೆಣಮಕ್ಕಳಿಗೆ ಕೂಲಿ ಕಡಿಮಿ ಕೊಡ್ತಾರ, ಯಾಕಂತ ಕೇಳಿದ್ರ...’ ಎಂದು ಒಂದೇ ಉಸಿರಿಗೆ ಶುರುಮಾಡಿ, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿ ನಿಲ್ಲಿಸುತ್ತಾಳೆ. ಕೈಯಲ್ಲಿದ್ದ ಹಾಳೆ ನೋಡಿಕೊಂಡು ಮತ್ತೆ ಶುರುಮಾಡುತ್ತಾಳೆ: ‘ಅದು ಹೇಗೆಂದರೆ, ಮಹಿಳೆಯರ ವೇತನ ತಾರತಮ್ಯವು...’ ಮೊದಲಿನ ವಾಕ್ಯದಲ್ಲಿ ಅವಳ ಅವ್ವ ಇದ್ದಳು, ಮೇಸ್ತ್ರಿ ಇದ್ದ, ಶನಿವಾರದ ಬಟವಾಡೆ ಇತ್ತು. ಎರಡನೆಯದರಲ್ಲಿ ಯಾರೂ ಇಲ್ಲ. ನಕ್ಕವನೂ ಅದೇ ತಾಲ್ಲೂಕಿನವನು, ಮನೆಯಲ್ಲಿ ಅದೇ ಮಾತು ಆಡುವವನು. ಕೆಳಗಿರುವವರು ಮೇಲಿನವರ ಅಳತೆಗೋಲಿನಿಂದ ತಮ್ಮನ್ನೂ ತಮ್ಮವರನ್ನೂ ಅಳೆಯತೊಡಗುವುದಕ್ಕೆ ಬೋರ್ದಿಯೋ ಸಾಂಕೇತಿಕ ಹಿಂಸೆ ಎಂಬ ಹೆಸರು ಕೊಟ್ಟರು. ಇದರಲ್ಲಿ ರಕ್ತ ಬರುವುದಿಲ್ಲ, ದೂರು ದಾಖಲಾಗುವುದಿಲ್ಲ. ಹುಡುಗಿ ಮುಂದಿನ ಸಲ ಎದ್ದು ನಿಲ್ಲುವುದಿಲ್ಲ, ಅಷ್ಟೇ.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರ ಬದುಕು ಸಾಂಸ್ಕೃತಿಕ ಬಂಡವಾಳದ ಪ್ರಶ್ನೆಯನ್ನು ಇನ್ನೂ ಹರಿತವಾಗಿ ಮುಂದಿಡುತ್ತದೆ. ಅಲೆಮಾರಿ ಬುಡ್ಗ ಜಂಗಮ ಸಮುದಾಯದ ಅವರು ಅಕ್ಷರ ಕಲಿತವರಲ್ಲ. ಕುಮಾರರಾಮನ ಕಥೆಯೂ ಸೇರಿ ಹತ್ತಕ್ಕೂ ಹೆಚ್ಚು ದೀರ್ಘ ಕಥನಗಳು ಅವರ ನೆನಪಿನಲ್ಲಿದ್ದವು. ಬುರ್ರಕಥೆಯಾಗಿ ರಾತ್ರಿಗಟ್ಟಲೆ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವುಗಳನ್ನು ದಾಖಲಿಸಿತು, ಅವರಿಗೆ ನಾಡೋಜ ಪದವಿಯನ್ನೂ ಕೊಟ್ಟಿತು. ಅದು ಆಗಬೇಕಾದ ಕೆಲಸವೇ. ಬೋರ್ದಿಯೋ ಸಾಂಸ್ಕೃತಿಕ ಬಂಡವಾಳಕ್ಕೆ ಮೂರು ರೂಪಗಳನ್ನು ಹೇಳುತ್ತಾರೆ: ಮೈಮನಸ್ಸಿನಲ್ಲಿ ಇಳಿದದ್ದು, ಪುಸ್ತಕ-ಚಿತ್ರ-ವಾದ್ಯದಂಥ ವಸ್ತುವಿನಲ್ಲಿ ಇರುವುದು, ಪದವಿ-ಪ್ರಮಾಣಪತ್ರದಲ್ಲಿ ಇರುವುದು. ಈರಮ್ಮನವರಲ್ಲಿ ಮೊದಲನೆಯದು ಅಪಾರವಾಗಿತ್ತು. ಆದರೆ ಬದುಕಿನ ಬಹುಭಾಗ ಅದಕ್ಕೆ ಸಿಕ್ಕ ಬೆಲೆ ಮನೆ ಮುಂದಿನ ಜೋಳ, ಹಳೆಯ ಸೀರೆ. ಅದೇ ಕಥೆ ಅಚ್ಚಾಗಿ ಪಠ್ಯವಾದಾಗ ಅದರ ಮೇಲೆ ಪಾಠ ಮಾಡುವವರಿಗೆ ಸಂಬಳ ಬರುತ್ತದೆ, ಸಂಶೋಧನೆ ಮಾಡಿದವರಿಗೆ ಡಾಕ್ಟರೇಟ್ ಬರುತ್ತದೆ. ಹಾಗೆ ಬೆಲೆ ಬದಲಾದದ್ದು ಕಥೆಯ ಗುಣದಿಂದಲ್ಲ, ಅದನ್ನು ಹಿಡಿದ ಕೈ ಬದಲಾದದ್ದರಿಂದ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ರಾಜ್ಯವೇ ಹೊತ್ತಿಕೊಂಡು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಯಾವುದನ್ನು ಸಾಹಿತ್ಯ ಎನ್ನಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಆ ಗದ್ದಲದಲ್ಲಿ ಕೇಳಿಸಿಕೊಂಡ ಹುಡುಗರು ಮುಂದೆ ದಲಿತ-ಬಂಡಾಯ ಸಾಹಿತ್ಯ ಬರೆದರು.

ಊಟದ ಮೇಲು-ಕೀಳನ್ನೂ ಹೀಗೇ ನೋಡಬೇಕು. ತುಂಗಭದ್ರೆಯ ನಾಲೆ ಬರುವ ಮುಂಚೆ ಈ ಸೀಮೆಯ ಊಟ ಜೋಳದ್ದು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅನ್ನ ಹಬ್ಬಕ್ಕೆ, ಬೀಗರು ಬಂದಾಗ. ‘ಅವರ ಮನ್ಯಾಗ ದಿನಾ ಅನ್ನ’ ಎಂದರೆ ಸಿರಿವಂತರು ಎಂದರ್ಥ. ನಾಲೆ ಬಂತು, ಗಂಗಾವತಿ, ಸಿಂಧನೂರು, ಕಾರಟಗಿಯ ಸುತ್ತ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಭತ್ತ ಹರಡಿತು, ಪಡಿತರದ ಅಕ್ಕಿಯೂ ಸೇರಿತು. ಅಕ್ಕಿ ಎಲ್ಲರ ಮನೆ ಸೇರಿದ ಮೇಲೆ ಮೇಲಿನವರ ಅಭಿರುಚಿ ಬೇರೆ ಕಡೆ ತಿರುಗಿತು. ಈಗ ಬೆಂಗಳೂರಿನ ಅಂಗಡಿಯಲ್ಲಿ ಖಡಕ್ ರೊಟ್ಟಿಯ ಕಟ್ಟು ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದೇ ಜೋಳ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವರೂ ಅದೇ ಹೆಣ್ಣುಮಕ್ಕಳು. ಉಣ್ಣುವವರು ಬದಲಾದರು, ಗೌರವ ಬಂತು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಸಂಸ್ಕೃತೀಕರಣ ಎಂದು ಕರೆದ ಬೆಳವಣಿಗೆಯಲ್ಲಿ, ಅಂದರೆ ಕೆಳಗಿನ ಜಾತಿಗಳು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ನೋಡುವುದರಲ್ಲಿ, ಮೊದಲು ಬಿಡುವುದು ತಟ್ಟೆಯೊಳಗಿನ ಮಾಂಸವನ್ನೇ.

ತಟ್ಟೆ ಎಷ್ಟು ದೊಡ್ಡ ಕದನದ ಜಾಗ ಎಂಬುದು 2021ರ ಡಿಸೆಂಬರ್‌ನಲ್ಲಿ ಕಂಡಿತು. ಅಪೌಷ್ಟಿಕತೆ ಹೆಚ್ಚಿದ್ದ ಏಳು ಜಿಲ್ಲೆಗಳ ಶಾಲೆಗಳಲ್ಲಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ, ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಶುರುವಾಯಿತು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಆದರೂ ಹಲವು ಮಠಾಧೀಶರು ಇದು ನಮ್ಮ ಸಂಸ್ಕೃತಿಗೆ ವಿರುದ್ಧ ಎಂದರು. ಆಗ ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು ಕ್ಯಾಮೆರಾದ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬ ಅರ್ಥದಲ್ಲಿ ಮಾತಾಡಿದ್ದು ನಾಡಿನ ತುಂಬ ಹರಿದಾಡಿತು. ಅವಳು ಯಾವ ಸಿದ್ಧಾಂತವನ್ನೂ ಓದಿದವಳಲ್ಲ. ‘ನಮ್ಮ ಸಂಸ್ಕೃತಿ’ ಎಂದವರ ‘ನಮ್ಮ’ದೊಳಗೆ ತಾನಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಎಲ್ಲವನ್ನೂ ಸಂಸ್ಕೃತಿಯಿಂದಲೇ ವಿವರಿಸಲು ಹೊರಟರೆ ಹೊಲ, ನೀರು, ಕೂಲಿ ಮರೆತುಹೋಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಯೋಜನೆ ರೂಪಿಸಿದಾಗ ಹೆಚ್ಚು ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ, ಬಹುಪಾಲು ಅರೆ ನೀರಾವರಿ ಬೆಳೆ ಬೆಳೆಯಬೇಕೆಂಬ ಲೆಕ್ಕವಿತ್ತು. ಮೇಲ್ಭಾಗದಲ್ಲಿ ಭತ್ತ ಹರಡಿದ್ದರಿಂದ ಮಾನ್ವಿ, ರಾಯಚೂರು ಕಡೆಯ ಕೆಳಭಾಗದ ರೈತರ ತೂಬಿಗೆ ಬರಬೇಕಾದ ನೀರು ಬರುವುದಿಲ್ಲ. ಪ್ರತಿ ಹಂಗಾಮಿನಲ್ಲೂ ಅವರು ರಸ್ತೆಗೆ ಇಳಿಯುತ್ತಾರೆ. ಇದಕ್ಕೆ ಅಭಿರುಚಿಯ ಸಿದ್ಧಾಂತ ಬೇಕಿಲ್ಲ. ಗೇಟು ಯಾರ ಮಾತಿಗೆ ಏಳುತ್ತದೆ, ಇಳಿಯುತ್ತದೆ ಎಂದು ನೋಡಿದರೆ ಸಾಕು. ಸಂಸ್ಕೃತಿ ಇಲ್ಲಿ ಕೆಲಸ ಮಾಡುವುದು ಆಮೇಲೆ: ಮೇಲಿನವರು ‘ದುಡಿದು ಮುಂದೆ ಬಂದವರು’ ಎಂದೂ ಕೆಳಭಾಗದವರು ‘ಬೇಸಾಯ ಗೊತ್ತಿಲ್ಲದವರು’ ಎಂದೂ ಜನರ ಬಾಯಲ್ಲಿ ನಿಂತಾಗ, ನೀರಿನ ಅನ್ಯಾಯ ಗುಣದ ವ್ಯತ್ಯಾಸವಾಗಿ ಬಿಡುತ್ತದೆ.

ಟಿವಿ, ಸಿನಿಮಾದ ಬಗ್ಗೆ ಎರಡು ಮಾತು. ಹಿಟ್ಲರನಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಜರ್ಮನ್ ಚಿಂತಕರಾದ ಅಡೋರ್ನೊ ಮತ್ತು ಹಾರ್ಕ್‌ಹೈಮರ್ 1940ರ ದಶಕದಲ್ಲಿ ‘ಸಂಸ್ಕೃತಿ ಉದ್ಯಮ’ದ ಬಗ್ಗೆ ಬರೆದು, ಮನರಂಜನೆ ಕಾರ್ಖಾನೆಯ ಸರಕಾಗಿ ಜನರನ್ನು ಮಂಕು ಮಾಡುತ್ತದೆ ಎಂದರು. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಮಾಡಿದ ಸ್ಟುವರ್ಟ್ ಹಾಲ್ ಇದನ್ನು ಪೂರ್ತಿ ಒಪ್ಪಲಿಲ್ಲ. ನೋಡುವವರು ಅಷ್ಟು ದಡ್ಡರಲ್ಲ ಎಂಬುದು ಅವರ 1973ರ ವಾದದ ತಿರುಳು. ಹಾಸ್ಯ ಕಾರ್ಯಕ್ರಮದಲ್ಲಿ ಮನೆಗೆಲಸದವನು, ವಾಚ್‌ಮನ್ ಮಾತ್ರ ನಮ್ಮ ಕಡೆ ಭಾಷೆ ಆಡುತ್ತಾರೆ ಎಂದುಕೊಳ್ಳಿ. ಒಬ್ಬರು ಅದನ್ನು ಹಾಗೇ ಒಪ್ಪಿ ನಗುತ್ತಾರೆ. ಇನ್ನೊಬ್ಬರು ನಕ್ಕರೂ ‘ನಮ್ಮೂರಾಗ ಹಂಗಿಲ್ಲ ಬಿಡ್ರಿ’ ಎನ್ನುತ್ತಾರೆ. ಮೂರನೆಯವರು ‘ಇವರು ಸಾಹೇಬ್ರ ಪಾತ್ರಕ್ಕ ನಮ್ಮ ಭಾಷಿ ಯಾಕ ಕೊಡಂಗಿಲ್ಲ?’ ಎಂದು ಕೇಳುತ್ತಾರೆ. ಮೂರನೆಯ ಪ್ರಶ್ನೆ ಕೇಳುವವರು ಈಗ ಮೊಬೈಲ್ ಹಿಡಿದು ತಮ್ಮದೇ ವಿಡಿಯೊ ಮಾಡುತ್ತಿದ್ದಾರೆ, ತಮ್ಮದೇ ಮಾತಿನಲ್ಲಿ. ಇದು ನನಗೆ ನಿಜಕ್ಕೂ ಸಂತೋಷ ಕೊಡುವ ಬೆಳವಣಿಗೆ.

ರೂಢಿಯೆಲ್ಲ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಒಂದು ಕಾಲದ ಸಂಸ್ಕೃತಿಯಲ್ಲಿ ಈಗ ಮೆರೆಯುವುದು, ಹಿಂದಿನಿಂದ ಉಳಿದದ್ದು, ಹೊಸದಾಗಿ ಹುಟ್ಟುತ್ತಿರುವುದು ಮೂರೂ ಇರುತ್ತವೆ ಎಂದು ವಿಲಿಯಮ್ಸ್ ವಿಂಗಡಿಸಿದರು. ಮುದಗಲ್‌ನ ಮೊಹರಂ ನೋಡಿದವರಿಗೆ ಉಳಿದದ್ದರ ಬಲ ಗೊತ್ತು. ಹಿಂದೂಗಳು ಅಲೈ ದೇವರಿಗೆ (ಮೊಹರಂನ ಪಂಜಾಗಳಿಗೆ) ಹರಕೆ ಹೊರುತ್ತಾರೆ, ಅಲೈ ಕುಣಿ ಎಂಬ ಬೆಂಕಿಯ ಗುಂಡಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಹಬ್ಬ ನಡೆಯುತ್ತದೆ. ‘ಅವರು ಬೇರೆ, ನಾವು ಬೇರೆ’ ಎಂಬ ಈಗಿನ ಗಟ್ಟಿ ದನಿಗೆ ಆ ಹಳೆಯ ರೂಢಿಯೇ ಎದುರು ನಿಂತಿದೆ. ‘ಮೊದಲಿಂದ ನಡಕೊಂಡ ಬಂದೈತಿ’ ಎಂಬ ಮಾತು ಇಲ್ಲಿ ಕೂಡಿಸುತ್ತದೆ, ಗುಡಿಯ ಬಾಗಿಲಲ್ಲಿ ತಡೆಯುತ್ತದೆ. ಯಾರಿಗೆ ಏನು ಕೊಡುತ್ತದೆ, ಯಾರಿಂದ ಏನು ಕಸಿಯುತ್ತದೆ ಎಂದು ಒಂದೊಂದು ರೂಢಿಯನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಹಾಗೆ ಕೇಳಲೇಬೇಕಾದ ರೂಢಿ ದೇವದಾಸಿ ಪದ್ಧತಿ. ಬಳ್ಳಾರಿ ಕಡೆ ಬಸವಿ ಬಿಡುವುದು, ಉಳಿದ ಕಡೆ ಮುತ್ತು ಕಟ್ಟುವುದು. ರಾಜ್ಯ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ. ಹಾಗಿದ್ದೂ ಈ ಜಿಲ್ಲೆಗಳಲ್ಲಿ ಇದರ ನೋವು ಹೊತ್ತ ಹೆಂಗಸರು ಸಾವಿರಾರು, ಅವರಲ್ಲಿ ಬಹುಪಾಲು ದಲಿತರು. ಹುಡುಗಿಯ ತಲೆಗೂದಲು ಜಡೆಗಟ್ಟಿದರೆ ದೇವಿ ಕರೆದಳು ಎಂಬ ನಂಬಿಕೆ, ಮುತ್ತು ಕಟ್ಟದಿದ್ದರೆ ಅವ್ವ ಮುನಿಯುತ್ತಾಳೆ ಎಂಬ ಹೆದರಿಕೆ. ಮುತ್ತು ಕಟ್ಟಿಸಲು ಮಗಳನ್ನು ಕರೆದೊಯ್ಯುವವಳು ಹೆತ್ತ ತಾಯಿಯೇ ಆಗಿರುತ್ತಾಳೆ, ಹರಕೆ ತೀರಿಸಿದೆ ಎಂಬ ಭಕ್ತಿಯಿಂದ. ಸಾಂಕೇತಿಕ ಹಿಂಸೆ ಇಷ್ಟು ಆಳಕ್ಕೆ ಇಳಿಯಬಲ್ಲದು. ಜಾತಿ, ಬಡತನ, ಹೆಣ್ತನ ಮೂರೂ ಒಂದೇ ಮೈಮೇಲೆ ಬೀಳುತ್ತವೆ. ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಪ್ರಕರಣಗಳನ್ನು ನೋಡಿ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಹೇಳಿದ್ದೂ ಇದನ್ನೇ: ಒಂದೊಂದು ಅನ್ಯಾಯವನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಎಲ್ಲವೂ ಕೂಡುವ ಜಾಗದಲ್ಲಿ ನಿಂತವಳು ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ದೇವದಾಸಿಯ ಮಗುವಿನ ಮೇಲೆ ಬೀಳುವ ಅಧಿಕಾರ ಇನ್ನೊಂದು ಬಗೆಯದು. ಫ್ರಾನ್ಸಿನ ಚಿಂತಕ ಮಿಶೆಲ್ ಫುಕೋ ಬರೆದದ್ದು ಅದರ ಬಗ್ಗೆ. ಆಧುನಿಕ ಅಧಿಕಾರ ರಾಜನ ಕತ್ತಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ದಾಖಲೆ, ಪರೀಕ್ಷೆ, ನೋಂದಣಿ, ವಿಂಗಡಣೆಯಲ್ಲಿದೆ. ಮನುಷ್ಯರನ್ನು ಕಾಲಂಗಳಲ್ಲಿ ತುಂಬಿ, ಇಂಥವರು ಸರಿ, ಇಂಥವರು ಸರಿಯಿಲ್ಲ ಎಂದು ತೀರ್ಮಾನಿಸುತ್ತದೆ. ಶಾಲೆಗೆ ಸೇರುವ ಅರ್ಜಿಯಲ್ಲಿ, ಜಾತಿ-ಆದಾಯ ಪ್ರಮಾಣಪತ್ರದಲ್ಲಿ, ವಿದ್ಯಾರ್ಥಿವೇತನದಲ್ಲಿ ‘ತಂದೆಯ ಹೆಸರು’ ಎಂಬ ಒಂದು ಸಾಲು ಇರುತ್ತದೆ. ಉಳಿದವರು ಅದನ್ನು ಯೋಚಿಸದೆ ತುಂಬುತ್ತಾರೆ. ದೇವದಾಸಿ ತಾಯಿಯ ಮಗು ಅಲ್ಲಿ ಪೆನ್ನು ನಿಲ್ಲಿಸಿ, ಸಾಲಿನಲ್ಲಿ ಹಿಂದೆ ನಿಂತ ಗೆಳೆಯರ ಮುಂದೆ ಉತ್ತರ ಕೊಡಬೇಕಾಗುತ್ತದೆ. ಮಾಜಿ ದೇವದಾಸಿಯರೂ ಅವರ ಮಕ್ಕಳೂ ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದ್ದಾರೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯ ಪ್ರಕಾರ ತಂದೆಯ ಹೆಸರು ಬರೆಯುವುದು ಅವರಿಗೆ ಕಡ್ಡಾಯವಲ್ಲ. ಬೇಕೆನಿಸಿದರೆ ತಂದೆ ಯಾರೆಂದು ಕಾನೂನಿನ ಮೂಲಕ ಕೇಳುವ ಹಕ್ಕೂ ಇದೆ. ಇನ್ನು ಬದಲಾಗಬೇಕಾದದ್ದು ಗುಮಾಸ್ತರ ಮೇಜಿನ ಮೇಲಿನ ಹಳೆಯ ಅರ್ಜಿ, ಆ ಕಾಲಂ ತುಂಬದಿದ್ದರೆ ಮುಂದಿನ ಪುಟಕ್ಕೆ ಹೋಗಲು ಬಿಡದ ಆನ್‌ಲೈನ್ ಪೋರ್ಟಲ್, ಮತ್ತು ‘ಹಂಗ ಖಾಲಿ ಬಿಡಾಕ ಬರಂಗಿಲ್ಲವ್ವ, ಮೊದಲಿಂದ ಇದ ಫಾರ್ಮು’ ಎನ್ನುವ ಕಚೇರಿಯವರ ಉತ್ತರ.